ಶಾರ್ಲೆಟ್ ಟೀಚರ ದಾಳ

"ಟೀಚರ್, ನಿಮ್ಮ ಮುಖ ಒಮ್ಮೆ ತೋರಿಸಬಹುದಲ್ವಾ?" ಎಂದು ಕುಶಲಾ ಕೇಳಿದಾಗ ನಿಖಿತಾಳ ಕೈಯಿಂದ ದಾಳ ಜಾರಿ ಮೇಜಿನ ಕೆಳಗೆ ಉರುಳಿತು.

ಮೊಬೈಲಿನ ಕ್ಯಾಮೆರಾ ಎಂದಿನಂತೆ ಮೇಜನ್ನು ಮಾತ್ರ ನೋಡುತ್ತಿತ್ತು. ಪಡುಬಿದ್ರಿಯ ಆ ಮನೆಗೆ ಕಾಣುತ್ತಿದ್ದದ್ದು ಬಳೆಯಿಲ್ಲದ ಎರಡು ಕೈ, ರಟ್ಟಿನ ದೊಡ್ಡ ದಾಳ, ಒಂದಿಷ್ಟು ಚಿತ್ರದ ಕಾರ್ಡು.

"ಮುಖ ಕಂಡರೆ ಮಕ್ಕಳು ಆಟ ನೋಡುವುದಿಲ್ಲ," ಎಂದಳು ನಿಖಿತಾ, ಧ್ವನಿಯನ್ನು ತೆಳ್ಳಗೆ ಮಾಡಿಕೊಂಡು. "ನಮ್ಮ ಸೆಂಟರಿನ ಕ್ರಮ ಅದು."

"ಹಾಗಾದರೆ ಬೇಡ ಬಿಡಿ. ನಮಗೆ ಮಗು ಕಲಿತರೆ ಆಯಿತು."

ನಿಖಿತಾ ನಿಟ್ಟುಸಿರು ಬಿಟ್ಟಳು. ಮುದುಕಿಗೆ ಏನೂ ಗೊತ್ತಾಗಿರಲಿಲ್ಲ.

ಮಣಿಪಾಲದ ಆ ಟ್ಯೂಷನ್ ಸೆಂಟರಿನಲ್ಲಿ ಶಾರ್ಲೆಟ್ ಎಂಬ ಟೀಚರ್ ಇರಲೇ ಇಲ್ಲ. ಕುಶಲಾ ನಿಖಿತಾಳ ಅತ್ತೆ. ಪರದೆಯ ಆಚೆ ತನ್ನ ದಾಳವನ್ನು ಕುಲುಕುತ್ತಿದ್ದ ಐದು ವರ್ಷದ ತೃಷಾ ನಿಖಿತಾಳ ಮಗಳು.

ಗಂಡ ರೋಹಿತ್ ಜಗಳವಾಡಿ, ಮಗುವನ್ನು ತನ್ನ ತಾಯಿ ಕುಶಲಾರ ಮಡಿಲಿಗೆ ಹಾಕಿ ದುಬೈಗೆ ಮರಳಿದ್ದ. ಅಂದಿನಿಂದ ಆ ಮನೆಯ ಗೇಟು ನಿಖಿತಾಳಿಗೆ ತೆರೆದದ್ದಿಲ್ಲ. ಆಗಿನ್ನೂ ತೊದಲುತ್ತಿದ್ದ ಮಗುವಿಗೆ ಈಗ ಅಮ್ಮನ ಮುಖವೇ ಮರೆತಿರಬೇಕು. ಉಡುಪಿಯ ಕೋರ್ಟಿನಲ್ಲಿ ಕೇಸು ನಡೆಯುತ್ತಿತ್ತು. ಮುಂದಿನ ತಿಂಗಳು ನ್ಯಾಯಾಧೀಶರು ಮಗುವನ್ನು ಕರೆಸಿ, ಯಾರ ಜೊತೆ ಇರುತ್ತೀಯೆಂದು ಕೇಳುತ್ತಾರೆ ಎಂದು ವಕೀಲರು ಹೇಳಿದ್ದರು. ಗುರುತೇ ಇಲ್ಲದ ಹೆಂಗಸಿನ ಕಡೆಗೆ ಯಾವ ಮಗು ಬೆರಳು ತೋರಿಸೀತು? ಅದನ್ನು ನೆನೆದು ನಿಖಿತಾ ಊಟ ಬಿಟ್ಟಿದ್ದಳು.

ಹೀಗಿರುವಾಗ ಒಂದು ದಿನ ಕುಶಲಾ ತಾವಾಗಿಯೇ ಸೆಂಟರಿಗೆ ಫೋನು ಮಾಡಿದರು. ಮೊಮ್ಮಗಳಿಗೆ ಇಂಗ್ಲಿಷ್ ಕಲಿಸಬೇಕು, ಮನೆಯಲ್ಲಿ ತುಳು ಬಿಟ್ಟು ಬೇರೆ ಮಾತಿಲ್ಲ, ಫೋನಿನಲ್ಲೇ ಪಾಠ ಆದರೆ ಒಳ್ಳೆಯದು ಎಂದರು. ಸೆಂಟರ್ ನಡೆಸುವ ಲೊರ್ನಾ, ಅಲ್ಲೇ ಮಕ್ಕಳಿಗೆ ಕಲಿಸುತ್ತಿದ್ದ ಗೆಳತಿ ನಿಖಿತಾಳ ಮುಖ ನೋಡಿದಳು. ಶಾರ್ಲೆಟ್ ಟೀಚರ್ ಹುಟ್ಟಿದ್ದು ಆ ಗಳಿಗೆಯಲ್ಲಿ. ದೇವರು ಕೊನೆಗೂ ಕಣ್ಣು ಬಿಟ್ಟ ಎಂದು ನಿಖಿತಾ ಅತ್ತುಬಿಟ್ಟಳು.

ಒಂದೇ ಭಯವಿತ್ತು, ತುಳುವಿನದು. ಕನ್ನಡವನ್ನು ಊರಿನವರೆಲ್ಲ ಶಾಲೆಯಲ್ಲಿ ಕಲಿತ ಹಾಗೆಯೇ ಆಡುವುದು, ಅದರಲ್ಲಿ ಧ್ವನಿಯ ಗುರುತು ಸಿಗುವುದಿಲ್ಲ. ತುಳುವಿನಲ್ಲಿ ಒಂದು ಮಾತು ಜಾರಿದರೆ ಅತ್ತೆ ಹಿಡಿದುಬಿಡುತ್ತಾರೆ. ಅದಕ್ಕೇ ಮೊದಲ ದಿನವೇ ಹೇಳಿದ್ದಳು, "ನಮ್ಮದು ಕೊಂಕಣಿ. ತುಳು ನನಗೆ ಬರುವುದಿಲ್ಲ." ಕುಶಲಾ ಪಾಪ, ಅಂದಿನಿಂದ ಕನ್ನಡದಲ್ಲೇ ಮಾತಾಡುತ್ತಿದ್ದರು.

ಪಾಠವೆಲ್ಲ ಆಟವೇ. ದಾಳದಲ್ಲಿ ನಾಲ್ಕು ಬಿದ್ದರೆ ತೃಷಾ "ಫೋರ್" ಎಂದು ಕೂಗಿ ನಾಲ್ಕು ಸಲ ಹಾರಬೇಕು. ಆಮೇಲೆ ನಾಲ್ಕು ಪ್ರಾಣಿಗಳ ಹೆಸರು. ಸಂಖ್ಯೆಯ ಬೆನ್ನಿಗೆ ಪದ, ಪದದ ಬೆನ್ನಿಗೆ ವಾಕ್ಯ. ನಿಖಿತಾ ಬೆಳಿಗ್ಗೆ ಎದ್ದು ಮಗಳಿಗಾಗಿಯೇ ಹೊಸ ಆಟ ಕಟ್ಟುತ್ತಿದ್ದಳು. ಕೋರ್ಟಿನಲ್ಲಿ ಈ ಧ್ವನಿ ಕೇಳಿದೊಡನೆ ಮಗು ಓಡಿಬಂದು ತಬ್ಬಿಕೊಳ್ಳುತ್ತದೆ, ಅತ್ತೆ ಬಾಯಿ ಬಿಟ್ಟು ನೋಡುತ್ತಾರೆ. ಆ ಮುಖ ನೋಡಲು ಅವಳು ಕಾದಿದ್ದಳು.

ಕುಶಲಾ ಆಗಾಗ ಆಟಗಳನ್ನು ಸೂಚಿಸುತ್ತಿದ್ದರು. "ಲಿಫ್ಟಿನ ನಂಬರು ಹೇಳಿಸಿ ಟೀಚರ್. ಸ್ಕೂಲ್ ಬಸ್ಸಿನ ನಂಬರೂ ಬೇಕು." ಮೆಟ್ಟಿಲೂ ಇಲ್ಲದ ಹಂಚಿನ ಮನೆಯ ಮುದುಕಿಗೆ ಲಿಫ್ಟಿನ ಶೋಕಿ ನೋಡಿ ಎಂದು ನಿಖಿತಾ ಲೊರ್ನಾಳ ಬಳಿ ನಗೆಯಾಡಿದ್ದಳು. ಆದರೂ ರಟ್ಟಿನ ಗುಂಡಿಗಳನ್ನು ಕತ್ತರಿಸಿ ಆ ಆಟವನ್ನೂ ಆಡಿಸಿದಳು.

ಒಂದು ಸಂಜೆ ಕುಶಲಾ ತಾವೇ ಕೇಳಿದರು, "ತೃಷಾ, ಫ್ಯಾಮಿಲಿಯಲ್ಲಿ ಎಷ್ಟು ಜನ? ಟೀಚರಿಗೆ ಇಂಗ್ಲಿಷಿನಲ್ಲಿ ಹೇಳು."

ಮಗು ಬೆರಳು ಮಡಚಿತು. ಅಜ್ಜಿ, ಪಪ್ಪ, ತಾನು. "ತ್ರೀ."

"ಲೆಕ್ಕ ಸರಿ ಉಂಟಲ್ವಾ ಟೀಚರ್?"

ನಿಖಿತಾ ಮೇಜಿನ ಮೇಲಿನ ಕಾರ್ಡುಗಳನ್ನು ಒಟ್ಟುಮಾಡಿದಳು. "ವೆರಿ ಗುಡ್," ಎಂದಳು.

ಇಂದು ತೃಷಾ ಬಹಳ ಚುರುಕಾಗಿದ್ದಳು. ದಾಳದ ಲೆಕ್ಕ ಹೇಳಿ, ಕೇಳದಿದ್ದರೂ ತನ್ನ ಹೆಸರು, ವಯಸ್ಸು, ಇಷ್ಟದ ಬಣ್ಣ ಎಲ್ಲವನ್ನೂ ಇಂಗ್ಲಿಷಿನಲ್ಲಿ ಒಪ್ಪಿಸಿದಳು. ನಿಖಿತಾಳಿಗೆ ಹೆಮ್ಮೆಯಿಂದ ಕಣ್ಣು ತುಂಬಿ ಬಂತು.

"ಹೋಗು, ಶೂ ಹಾಕಿಕೋ," ಎಂದು ಕುಶಲಾ ಮಗುವನ್ನು ಒಳಗೆ ಕಳಿಸಿದರು. ಫೋನನ್ನು ಹತ್ತಿರ ತಂದು ಹೇಳಿದರು, "ಟೀಚರ್, ಇನ್ನು ಪಾಠ ಬೇಡ."

"ಯಾಕೆ? ನನ್ನಿಂದ ಏನಾದರೂ ತಪ್ಪಾಯಿತಾ?"

"ಛೇ, ತಪ್ಪೆಂತ ಉಂಟು. ಶಾಲೆಯವರು ವಿಡಿಯೋದಲ್ಲೇ ಇಂಟರ್‌ವ್ಯೂ ಮಾಡಿದರು. ಒಂದೂ ತಪ್ಪದೆ ಹೇಳಿದಳು. ಸೀಟು ಸಿಕ್ಕಿತು."

"ಒಳ್ಳೆಯದಾಯಿತು. ಯಾವ ಶಾಲೆ? ಉಡುಪಿಯದ್ದಾ?"

ಕುಶಲಾ ನಕ್ಕರು. ಆಮೇಲೆ ಆಡಿದ ಮಾತು ಕನ್ನಡದ್ದಲ್ಲ, ಮನೆಯವರೊಡನೆ ಮಾತ್ರ ಆಡುವ ಸಲಿಗೆಯ ತುಳುವಿನದು.

"ದುಬೈಯದ್ದು ನಿಖಿತಾ, ಇವತ್ತು ಸಂಜೆಯೇ ವಿಮಾನ, ಇಂಗ್ಲಿಷ್ ಬಾರದ ಮಗುವಿಗೆ ಅಲ್ಲಿ ಸೀಟಿಲ್ಲ ಅಂದರು, ಹೆತ್ತವಳಷ್ಟು ಮನಸ್ಸಿಟ್ಟು ಇನ್ಯಾರು ಕಲಿಸಿಯಾರು ಅಂತ ನಿನ್ನ ಸೆಂಟರನ್ನೇ ಹುಡುಕಿ ಫೋನು ಮಾಡಿದ್ದೆ."