ಖಾಲಿ ಜಾಗದ ಓದು

ಗದಗಿನ ಗ್ರಂಥಾಲಯದಿಂದ ತಂದ ಪ್ರೋಗ್ರಾಮಿಂಗ್ ಪುಸ್ತಕ ಮೂಕವಾಗಿತ್ತು. ಅಲ್ಲಿನ ಪುಸ್ತಕವನ್ನು ಯಾರಾದರೂ ಗಟ್ಟಿಯಾಗಿ ಓದಿದರೆ ಪುಟ ಆ ದನಿಯನ್ನು ಹಿಡಿದಿಟ್ಟುಕೊಂಡು, ಬೆರಳು ಮುಟ್ಟಿದಾಗಲೆಲ್ಲ ಹೇಳುತ್ತದೆ. ಕಾದಂಬರಿಗಳೆಲ್ಲ ಹಾಗೆ ಮಾತಾಡುತ್ತವೆ. ಈ ಪುಸ್ತಕವನ್ನು ಮಾತ್ರ ಯಾರೂ ಗಟ್ಟಿಯಾಗಿ ಓದಿರಲಿಲ್ಲ.

ಕಣ್ಣು ಕಾಣದ ಸೊಸೆ ಶಿವಲೀಲಾಳಿಗಾಗಿ ಬಸವಂತಪ್ಪನವರು ವಾರವಿಡೀ ಓದಿದರು. ಅರ್ಥವಾಗದ ಇಂಗ್ಲಿಷ್ ಪದಗಳನ್ನೂ ಆವರಣ ಚಿಹ್ನೆಗಳನ್ನೂ ಬಿಡಲಿಲ್ಲ. ಅವಳು ಪುಟ ಮುಟ್ಟಿ ಕೇಳುತ್ತ ಲ್ಯಾಪ್‌ಟಾಪಿನಲ್ಲಿ ಹಾಗೆಯೇ ಟೈಪ್ ಮಾಡಿದಳು. ಅದು ಪ್ರತಿ ಸಲವೂ ‘ತಪ್ಪಿದೆ’ ಎಂದಿತು. ಮರುದಿನ ಪುಸ್ತಕ ಹಿಂತಿರುಗಿಸಬೇಕಿತ್ತು.

“ನನ್ನ ತಲೀಗೆ ಇದು ಹತ್ತೂದಿಲ್ಲ ಬಿಡ್ರಿ, ಮಾವಾರ.”

“ಓದಿದಾಂವ ನಾನು, ನಿನ್ನ ತಲೀಗ್ಯಾಕ ಬೈತಿ?”

ಶಿವಲೀಲಾ ಪುಟ ಮುಟ್ಟಿ ಮತ್ತೊಮ್ಮೆ ಕೇಳಿದಳು. “ಸಾಲಿನ ಸುರೂಕ ಎಲ್ಲ್ಯರ ಜಾಗಾ ಬಿಟ್ಟಾರೇನ್ರಿ?”

“ಬಿಟ್ಟಾರಲ್ಲ. ಏನೂ ಬರೀದ ಜಾಗಾನ ಏನಂತ ಓದ್ಲವ್ವಾ?”

“ಅದನ್ನೂ ಓದ್ಬೇಕ್ರಿ! ಖಾಲಿ ಜಾಗಾನೂ ಕಂಪ್ಯೂಟರ್ ಎಣಸ್ತಿರಬೇಕು.”

ಅವರು ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಪುಟದಲ್ಲಿ ಹಳೆಯ ಓದು ಅಳಿದು ಹೊಸದು ಕೂತಿತು. “ನಾಕು ಜಾಗಾ ಒಳಗ... ಇಲ್ಲಿ ಎಂಟು... ಅಯ್ಯ, ಯಾವ ಪುಣ್ಯಾತ್ಮ ಬರದಾನವ್ವಾ ಇದನ್ನ!”

ಅವಳು ಟೈಪ್ ಮಾಡಿ ಮುಗಿಸಿದಳು. ಲ್ಯಾಪ್‌ಟಾಪ್ ಒಂದು ಕ್ಷಣ ಸುಮ್ಮನಿದ್ದು, ಪಾಠದಲ್ಲಿ ಹೇಳಿದ್ದಂತೆಯೇ ಎರಡರ ಮಗ್ಗಿ ಹೇಳತೊಡಗಿತು. ಮಾವ ಸೊಸೆ ಇಬ್ಬರೂ ಅದರ ಜೊತೆಗೇ ಕೊನೆಯವರೆಗೆ ಮಗ್ಗಿ ಹೇಳಿದರು.

“ನಾ ಬೈದದ್ದೂ ಪುಟದಾಗ ಕೂತೈತಿ. ಇನ್ನೊಮ್ಮೆ ಚಂದಾಗಿ ಓದ್ತೀನಿ, ತಡಿ,” ಎಂದರು ಬಸವಂತಪ್ಪ.

“ಬ್ಯಾಡ್ರಿ.” ಶಿವಲೀಲಾ ಪುಟದ ಮೇಲೆ ಅಂಗೈ ಇಟ್ಟಳು. “ಮುಂದ ಕೇಳಾವ್ರಿಗೆ ತಿಳೀಲಿ, ಇಲ್ಲಿ ಎಡವಿದ್ದು ಅವ್ರೊಬ್ರ ಅಲ್ಲ, ನಾವೂ ಅಂತ.”