ಜೋಡಿ ಇಲ್ಲದ ಒಂದು

ಆಕಾಶಹಡಗಿನ ಬಾಗಿಲಿಗೆ ಇನ್ನು ಹತ್ತೇ ಹೆಜ್ಜೆ. ಪರದೆಯ ಮೇಲೆ ಉಕ್ಕಿನ ಮೃಗಗಳು ಬೆಂಕಿ ಉಗುಳುತ್ತ ಬರುತ್ತಿದ್ದವು. ಕೋಮಲ ಒಂದೊಂದನ್ನೇ ಉಡಾಯಿಸುತ್ತ, ಉರಿಯುವ ಊರಿನ ನಲವತ್ತು ಜನರನ್ನು ಹಡಗಿಗೆ ಹತ್ತಿಸುತ್ತಿದ್ದಳು. ಈ ಕಥೆಯ ಸಿನಿಮಾ ಬಂದಾಗ ಟಾಕೀಜಿನಲ್ಲಿ ಸೀಟಿ ಹೊಡೆದವರೆಲ್ಲ, ಅದನ್ನೇ ವಿಡಿಯೋ ಆಟ ಮಾಡಿದ ಮೇಲೆ ಅದರ ಫೈನಲ್ ನೋಡಲು ರಾಯಬಾಗದ ಈ ಹಾಲ್‌ಗೆ ನುಗ್ಗಿದ್ದರು. ಯಾರ ಹಡಗು ಮೊದಲು ಹಾರುತ್ತದೋ ಅವರಿಗೆ ಗೆಲುವಿನ ಕಪ್ಪು.

ಪಕ್ಕದ ಪರದೆಯಲ್ಲಿ ಕುಡಚಿಯ ಅಸ್ಫಾಕ ಇನ್ನೂ ಅರ್ಧ ದಾರಿಯಲ್ಲಿದ್ದ. ಹೋದ ಎರಡು ಸ್ಪರ್ಧೆಗಳಲ್ಲೂ ಅವನಿಗೆ ಸೋತಿದ್ದ ಕೋಮಲ, ಈ ಸಲ ಕಪ್ಪಿಲ್ಲದೆ ದಿಗ್ಗೇವಾಡಿಗೆ ಕಾಲಿಡುವುದಿಲ್ಲ ಎಂದು ಊರಿಗೆಲ್ಲ ಸಾರಿ ಬಂದಿದ್ದಳು.

ಅವಳ ಬೆನ್ನ ಹಿಂದೆ ಅಪ್ಪ ಸಿದರಾಯ, ಹೆಗಲ ಮೇಲೆ ಕಂಬಳಿ. ಅವನ ಕಣ್ಣು ಒಮ್ಮೆ ಈ ಪರದೆ, ಒಮ್ಮೆ ಆ ಪರದೆ, ತುಟಿ ಸುಮ್ಮನಿರಲಿಲ್ಲ.

"ಕೋಮಲಾ, ಒಂದು ಉಳದೈತಿ."

"ಏನ ಉಳದೈತಿ ಅಪ್ಪಾ?"

"ಜೋಡಿ ಜೋಡಿ ಎಣಿಸೀನಿ. ಕಡೀಕ ಒಂದ ಒಳಗ ಹೋತು. ಅದರ ಜೋಡಿ ಎಲ್ಲೈತಿ?"

ಮೂವತ್ತು ವರ್ಷ ಕುರಿಗಳನ್ನು ದಡ್ಡಿಗೆ ಹೊಗಿಸಿದ ಕಣ್ಣು ಅದು. ಹಿಂಡು ಯಾರದ್ದೇ ಇರಲಿ, ಎದುರಿಗೆ ಹೋದರೆ ಎಣಿಸಲೇಬೇಕು. ಜೋಡಿ ತಪ್ಪಿದರೆ ಬಾಗಿಲು ಹಾಕುವ ಮಾತೇ ಇಲ್ಲ, ಬ್ಯಾಟರಿ ಹಿಡಿದು ಹೊರಟೇ ಬಿಡುವನು. ಅವನ ಹಿಂದೆಯೇ ಅಲೆದು ಬೆಳೆದವಳು ಕೋಮಲ. ಅದೇ ಅವಳ ದುರ್ದೈವ.

"ಒಂದ ಬಿಟ್ರ ನಡೀತೈತ್ರಿ ಕಾಕಾ, ಸುಮ್ನ ಇರ್ರಿ," ಎಂದ ಆಟ ನಡೆಸುತ್ತಿದ್ದ ನಿಲೇಶ.

ಹಡಗು ಹಾರಿಸಬೇಕಿದ್ದ ಬೆರಳು ನಿಂತಿತು. ಕೋಮಲ ಹಲ್ಲು ಕಚ್ಚಿ, ತಿರುಗಿ ಬೆಂಕಿಯೊಳಕ್ಕೇ ಓಡಿದಳು. ಹಾಲ್‌ಗೆ ಹಾಲೇ ಹೋ ಎಂದಿತು. ಮುರಿದ ಸೇತುವೆಯ ಕೆಳಗೆ ಕೋಲೂರಿಕೊಂಡು ಒಬ್ಬ ಮುದುಕಿ ನಿಂತಿದ್ದಳು. ಅವಳನ್ನು ಮುಂದೆ ಬಿಟ್ಟುಕೊಂಡು, ಹಿಂದಕ್ಕೆ ಗುಂಡು ಹಾರಿಸುತ್ತ ಕೋಮಲ ಬರುವಷ್ಟರಲ್ಲಿ ಅಸ್ಫಾಕನ ಹಡಗು ಹಾರಿಹೋಯಿತು. ಸಿದರಾಯನೊಬ್ಬನನ್ನು ಬಿಟ್ಟರೆ ಅದನ್ನು ಯಾರೂ ನೋಡಲಿಲ್ಲ. ಎಲ್ಲರ ಜೀವ ಆ ಮುದುಕಿಯ ಮೇಲಿತ್ತು. ಅವಳು ಬಾಗಿಲು ದಾಟಿದಾಗ ಬಿದ್ದ ಸೀಟಿಗೆ ಮೇಲಿನ ತಗಡಿನ ಪತ್ರಾಸು ನಡುಗಿತು.

ಕೋಮಲ ಬೆವರು ಒರೆಸಿಕೊಳ್ಳುತ್ತ ನಗುತ್ತಿದ್ದಳು, ಅಳುತ್ತಲೂ ಇದ್ದಳು. ಅಸ್ಫಾಕ ಕಪ್ಪು ಹಿಡಿದುಕೊಂಡು ಸಿದರಾಯನ ಹತ್ತಿರ ಬಂದ.

"ಕಾಕಾ, ನಂದೂ ಎಣಿಸೀರೇನ್ರಿ?"

"ಎಣಿಸೀನಪಾ. ಒಂಬತ್ತು ಅಲ್ಲೇ ಬೆಂಕ್ಯಾಗ ಅದಾವ."

ಅಸ್ಫಾಕ ಕಪ್ಪನ್ನು ಕುರ್ಚಿಯ ಕೆಳಗಿಟ್ಟು, ಕೂತು, ಆಟವನ್ನು ಮೊದಲಿನಿಂದ ಶುರು ಮಾಡಿದ.