ಕಿಂಡಿಗೆ ಮೊದಲು ಬಂದ ಮೂವತ್ತು

ಮೂವತ್ತನೆಯ ಕುರಿಯ ಕತ್ತಿನಿಂದ ಪರೀಕ್ಷೆಗೆ ರಕ್ತ ಎಳೆದುಕೊಂಡು ಸೂಜಿ ತೆಗೆದು, "ಸಾಕು, ಮುಗೀತು," ಎಂದಳು ಸಿಬಿಯು ಪೇಟೆಯಿಂದ ಬಂದಿದ್ದ ಪಶುವೈದ್ಯೆ ಕ್ರಿನಾ. ಕುರಿಗಳ ಯಜಮಾನ ಟ್ರಯಾನ್ ಅಷ್ಟರಲ್ಲಿ ಕೈಯಲ್ಲಿದ್ದ ಟೋಪಿಯನ್ನು ಹಿಂಡಿ ಹಿಂಡಿ ಹಾಳುಮಾಡಿದ್ದ.

"ಮುನ್ನೂರ ಹನ್ನೆರಡು ಕುರಿಗೆ ಮೂವತ್ತೇ ಸಾಕಾ ಡಾಕ್ಟ್ರಮ್ಮ?" ಎಂದಳು ಅವನ ಹೆಂಡತಿ ಸಾವೆತಾ.

"ಸಾಕಮ್ಮ. ಹಿಂಡಲ್ಲಿ ರೋಗ ಇದ್ರೆ ಮೂವತ್ತರಲ್ಲಿ ಒಂದಾದ್ರೂ ಸಿಕ್ಕೇ ಸಿಗುತ್ತೆ. ಸಿಕ್ರೆ ಗೊತ್ತಲ್ಲ, ಇಡೀ ಹಿಂಡನ್ನೇ ಕೊಲ್ಲಬೇಕು. ಇಲ್ಲಾಂದ್ರೆ ನಾಡಿದ್ದು ಊರಿನ ಹಿಂಡುಗಳ ಜೊತೆ ಬೆಟ್ಟ ಹತ್ತಿಸಿ."

ಟ್ರಯಾನನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಹಾಲು ಕರೆಯುವಾಗ ಕುರಿಗಳನ್ನು ದೊಡ್ಡಿಯ ಕಿಂಡಿಯಿಂದ ಒಂದೊಂದಾಗಿ ಬಿಡುವುದು ಅವರ ಕಡೆಯ ಪದ್ಧತಿ. ಕ್ರಿನಾ ಅಲ್ಲೇ ಕೂತು ಬಂದಬಂದವನ್ನು ಹಿಡಿದಿದ್ದಳು. ಕಿಂಡಿಗೆ ಗಟ್ಟಿ ಕುರಿಗಳು ನುಗ್ಗಿಕೊಂಡು ಮೊದಲು ಬರುತ್ತವೆ, ಸೊರಗಿದವು ಕೊನೆಗೆ. ಪೇಟೆಯ ಹುಡುಗಿಗೆ ಪಾಪ, ಅದೆಲ್ಲಿ ಗೊತ್ತಾಗಬೇಕು? ಮೊನ್ನೆಯಿಂದ ಮೇವು ಮುಟ್ಟದ ಎರಡು ಕುರಿ ದೊಡ್ಡಿಯ ಹಿಂದಿನ ಗೋಡೆಗೆ ಒರಗಿ ನಿಂತಿದ್ದವು.

"ಚೆನ್ನಾಗಿರೋವನ್ನೇ ಆರಿಸಿ ಬಿಟ್ಟಿಲ್ಲ ತಾನೆ ಟ್ರಯಾನಣ್ಣ?" ಎಂದಳು ಕ್ರಿನಾ.

"ನಾನು ಒಂದನ್ನೂ ಮುಟ್ಟಿಲ್ಲ." ಹೇಳಿದ್ದು ನಿಜವೇ.

ಕ್ರಿನಾ ಹೋಗಿ ಕಾರು ಹತ್ತಿದಳು. ಅವನು ಬೇಲಿಯವರೆಗೆ ಹೋದ, ತಿರುಗಿ ಬಂದ, ಮತ್ತೆ ಹೋದ. ಸಾವೆತಾ ಅವನ ತೋಳು ಹಿಡಿದಳು. "ಸುಮ್ನಿರಿ. ಅವಳೇ ಸಾಕು ಅಂದ್ಮೇಲೆ ನಿಮ್ದೇನು? ಇವು ಹೋದ್ರೆ ನಾವೇನು ಮಣ್ಣು ತಿನ್ನೋದಾ?"

"ಬೆಟ್ಟದಲ್ಲಿ ನನ್ನ ತಂಗಿ ಕುರಿಗಳೂ ಇರ್ತಾವೆ ಕಣೇ."

"ನಾಳೆ ಅವಳು ಬಂದು ನಮ್ಮ ಹೊಟ್ಟೆ ತುಂಬಿಸ್ತಾಳಾ?"

ಟ್ರಯಾನ್ ತೋಳು ಬಿಡಿಸಿಕೊಂಡು ಓಡಿ, ಹೊರಟಿದ್ದ ಕಾರಿನ ಬೆನ್ನಿಗೆ ಎರಡು ಬಡಿದ. ಕ್ರಿನಾ ಗಾಜು ಇಳಿಸಿದಳು.

"ನಾನು ಆರಿಸಿಲ್ಲ, ನಿಜ. ಕುರಿಗಳೇ ಆರಿಸ್ಕೊಂಡು ಬಂದಿವೆ. ಜೋರಿರೋವು ಮುಂದೆ ನುಗ್ತಾವೆ, ಕೈಲಾಗದೋವು ಹಿಂದೆ ಉಳೀತಾವೆ. ಯಾವಾಗ್ಲೂ ಹಂಗೇ."

ಕ್ರಿನಾಳ ಮುಖ ಕಪ್ಪಿಟ್ಟಿತು. ಕೆಳಗಿಳಿದು ಪೆಟ್ಟಿಗೆ ತೆರೆದು, ಖಾಲಿ ಸೀಸೆಗಳನ್ನು ಎಣಿಸತೊಡಗಿದಳು. "ನನ್ನದೇ ತಪ್ಪು. ಚೀಟಿ ಎತ್ತಿ ಮತ್ತೆ ಮೂವತ್ತು ತಗೋಬೇಕು."

"ಮೂವತ್ತು ಬೇಡ ಡಾಕ್ಟ್ರಮ್ಮ," ಎಂದ ಟ್ರಯಾನ್, ದೊಡ್ಡಿಯ ಹಿಂದಕ್ಕೆ ನಡೆಯುತ್ತ. "ಎರಡು ಸಾಕು."